ಒಂದು ಯಂತ್ರದ ಪಾಠಾಂತರಗಳು

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಸೈಕಲ್ಲಿನ ಗೊಡವೆ ಏಕೆಂದು ತಾವು ಕೇಳಬಹುದು. ಓಲೆಗರಿಯ ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿದವನಿಗೆ ಈ ಕೆಲಸ ತೀರ ಹೊಸದಲ್ಲ. ಪ್ರತಿಕಾರ ಕೊನೆಯ ಗರಿಯಲ್ಲಿ ತನ್ನ ಹೆಸರು ಬರೆದುಕೊಂಡಿರುತ್ತಾನೆ. ಆದರೆ ಮೂಲ ಯಾವುದೆಂದು ಹೇಳುವುದು ಆ ಹೆಸರಲ್ಲ, ಒಳಗಿನ ಪಾಠ. ಹಳೆಯ ಮೋಟಾರು ಸೈಕಲ್ಲುಗಳಲ್ಲಿಯೂ ಟ್ಯಾಂಕಿನ ಮೇಲಿನ ಹೆಸರನ್ನು ಮಾತ್ರ ನಂಬಿದವನು ಮೋಸಹೋಗುತ್ತಾನೆ.

ನಾಲ್ಕು ವಾಹನಗಳನ್ನು ಸಾಲಾಗಿ ನಿಲ್ಲಿಸಿದೆವೆಂದು ಭಾವಿಸಿ. 1946ರಲ್ಲಿ ರಷ್ಯದಲ್ಲಿ ತಯಾರಾದ ಮಾಸ್ಕ್ವಾ, 1947ರಲ್ಲಿ ಅಮೆರಿಕದ ಹಾರ್ಲೆ ಡೇವಿಡ್ಸನ್ ಹೊರತಂದ ಪುಟ್ಟ ಗಾಡಿ, 1948ರ ಇಂಗ್ಲೆಂಡಿನ ಬಿ.ಎಸ್.ಎ. ಬ್ಯಾಂಟಮ್, 1955ರ ಜಪಾನಿನ ಯಮಾಹಾ. ಒಂದರ ಬಣ್ಣ ಮತ್ತೊಂದಕ್ಕಿಲ್ಲ, ಭಾಷೆಯಂತೂ ಬೇರೆ ಬೇರೆ. ಆದರೆ ಎಂಜಿನ್ನು ಬಿಚ್ಚಿ ಅಳೆದರೆ, ಕೂದಲೆಳೆಯ ವ್ಯತ್ಯಾಸ ಬಿಟ್ಟು, ಎಲ್ಲವುಗಳ ಸಿಲಿಂಡರಿನ ವ್ಯಾಸವೂ 52 ಮಿಲಿಮೀಟರು, ಪಿಸ್ಟನ್ನಿನ ಓಟ 58. ಇಂಥ ಹೊಂದಿಕೆ ಆಕಸ್ಮಿಕವೆಂದು ಯಾವ ಸಂಪಾದಕನೂ ಒಪ್ಪಲಾರ.

ಮೂಲಪ್ರತಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಚೋಪೌ ಎಂಬ ಊರಿನದು: ಡಿ.ಕೆ.ಡಬ್ಲ್ಯು. ಕಾರ್ಖಾನೆಯ ಆರ್.ಟಿ. 125. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಹರ್ಮಾನ್ ವೇಬರ್ ಎಂಬಾತ ಇದನ್ನು ರೂಪಿಸಿದ. ಆ ಕಾಲದ ಎಷ್ಟೋ ಎರಡು ಹೊಡೆತದ ಎಂಜಿನ್ನುಗಳಲ್ಲಿ, ಒಳಬರುವ ಹೊಸ ಅನಿಲ ಸುಟ್ಟ ಹೊಗೆಯೊಡನೆ ಹೊರಗೆ ಓಡಿಹೋಗದಂತೆ, ಪಿಸ್ಟನ್ನಿನ ನೆತ್ತಿಯ ಮೇಲೆ ಒಂದು ದಿಣ್ಣೆ ಇರುತ್ತಿತ್ತು. ಇಲ್ಲಿ ಅದಿಲ್ಲ. ಎರಡು ಕಂಡಿಗಳು ಅನಿಲವನ್ನು ಓರೆಯಾಗಿ ಹಿಂಗೋಡೆಗೆ ಹಾಯಿಸುತ್ತವೆ. ಅದು ಮೇಲೇರಿ ಸುತ್ತಿ ಇಳಿಯುವಾಗ ಹೊಗೆಯನ್ನು ಹೊರದೂಡುತ್ತದೆ. ಹೀಗಾಗಿ ನೆತ್ತಿಯಲ್ಲಿ ದಿಣ್ಣೆಯ ಗೊಡವೆಯಿಲ್ಲ, ಪಿಸ್ಟನ್ನು ಹಗುರ.

1945ರಲ್ಲಿ ಜರ್ಮನಿ ಸೋತಿತು. ಚೋಪೌ ಕಾರ್ಖಾನೆಯ ಯಂತ್ರಗಳನ್ನು ಸೋವಿಯತ್ ರಷ್ಯ ಕಳಚಿ ಒಯ್ದಿತು. ವಿನ್ಯಾಸ ಯುದ್ಧಪರಿಹಾರದ ಬಾಬ್ತಿನಲ್ಲಿ ಗೆದ್ದವರ ಪಾಲಾಯಿತು. ಇಂಗ್ಲಿಷರು ಮಾಡಿದ್ದು ಸ್ವಾರಸ್ಯವಾಗಿದೆ. ಅವರ ಸವಾರರಿಗೆ ಬಲಗಾಲಿನಿಂದ ಗೇರು ಬದಲಿಸುವ ರೂಢಿ. ಜರ್ಮನಿಯ ಗಾಡಿಯಲ್ಲಿ ಅದು ಎಡಕ್ಕೆ. ಹಾಗಾಗಿ ಎಂಜಿನ್ನನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಎರಕಹೊಯ್ದರು. ಬ್ಯಾಂಟಮನ್ನು ಗುರುತಿಸಲು ಇಷ್ಟು ಸಾಕು: ಗೇರಿನ ಸನ್ನೆ ಬಲಗಡೆಗೆ ಇದ್ದೇ ಇರುತ್ತದೆ. ಮುಂದಿನ ಫೋರ್ಕನ್ನು ಮಾತ್ರ ಅವರು ತಮ್ಮದೇ ರೀತಿಯಲ್ಲಿ, ಕೊಳವೆಯೊಳಗೆ ಕೊಳವೆ ಜಾರುವಂತೆ ಮಾಡಿದರು. ಹಾರ್ಲೆಯವರು ಜರ್ಮನಿಯ ರಬ್ಬರು ಪಟ್ಟಿಯ ಫೋರ್ಕನ್ನು ಮೊದಮೊದಲು ಹಾಗೆಯೇ ಉಳಿಸಿಕೊಂಡಿದ್ದರು.

ಜಪಾನಿನದು ಪರಿಹಾರದ ಪಾಲಲ್ಲ. ಆ ದೇಶವೂ ಸೋತದ್ದೇ. ಯಮಾಹಾದವರು ಜರ್ಮನಿಯ ಗಾಡಿಯನ್ನು ಮಾದರಿಯಾಗಿಟ್ಟುಕೊಂಡು, ಮೂಲದಲ್ಲಿ ಮೂರಿದ್ದ ಗೇರುಗಳನ್ನು ನಾಲ್ಕು ಮಾಡಿದರು. ಇಲ್ಲಿ ಪ್ರತಿಕಾರ ಸ್ವಲ್ಪ ಕವಿಯೂ ಆದನೆನ್ನಬೇಕು.

ವೇಬರನಿಗೆ ಇವುಗಳಿಂದ ಏನೂ ದಕ್ಕಲಿಲ್ಲ. ಅವನನ್ನೂ ರಷ್ಯಕ್ಕೆ ಒಯ್ದಿದ್ದರು. ಬ್ಯಾಂಟಮ್ ಮಾರಾಟಕ್ಕೆ ಬಂದ 1948ರಲ್ಲಿಯೇ ಆತ ಅಲ್ಲಿ ತೀರಿಕೊಂಡ. ಬ್ಯಾಂಟಮ್ 1971ರವರೆಗೂ ತಯಾರಾಯಿತು. ಶಕ್ತಿ ಹೆಚ್ಚಿಸಲು ಸಿಲಿಂಡರಿನ ವ್ಯಾಸವನ್ನು 52ರಿಂದ 57ಕ್ಕೆ, ಆಮೇಲೆ 61.5ಕ್ಕೆ ಹಿಗ್ಗಿಸಿದರು. ಪಿಸ್ಟನ್ನಿನ ಓಟ ಮಾತ್ರ ಕೊನೆಯ ಗಾಡಿಯವರೆಗೂ ವೇಬರನ 58 ಮಿಲಿಮೀಟರೇ.