ಫೋನ್ ತಯಾರಾಗುತ್ತಿದ್ದ ಊರಲ್ಲೇ ಫೋನಿಗೆ ಕಾದವರು

ಬೆಂಗಳೂರಿನ ಪೂರ್ವ ಭಾಗದ ನಕ್ಷೆಯಲ್ಲಿ ಎರಡು ಹೆಸರು ಹುಡುಕಿ. ಒಂದು, ರೈಲು ಹಳಿ ದಾಟುವ ಫ್ಲೈಓವರ್‌ನ ಆಚೀಚೆ ಹರಡಿಕೊಂಡಿರುವ ಲಿಂಗರಾಜಪುರ. ಇನ್ನೊಂದು, ಅಲ್ಲಿಂದ ಬಾಣಸವಾಡಿ, ರಾಮಮೂರ್ತಿನಗರದ ಕಡೆಯಿಂದ ಕೆ.ಆರ್.ಪುರಕ್ಕೆ ಹೋಗುವಾಗ ಸಿಗುವ ದೂರವಾಣಿನಗರ. ನಡುವೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ದೂರವಾಣಿನಗರಕ್ಕೆ ಆ ಹೆಸರು ಬಂದದ್ದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಐ.ಟಿ.ಐ. ಕಾರ್ಖಾನೆಯಿಂದ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಅದು ಶುರುವಾಯಿತು. ಮನೆಮನೆಯ ಕರಿ ಫೋನು, ವಿನಿಮಯ ಕೇಂದ್ರದ ಯಂತ್ರಗಳು ಎರಡೂ ಅಲ್ಲೇ ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಆದರೆ ಕಾರ್ಖಾನೆಯ ಸುತ್ತಲಿನ ಬಡಾವಣೆಯ ಒಬ್ಬ ಗುಮಾಸ್ತನಿಗೋ ಅಂಗಡಿಯವನಿಗೋ ಫೋನ್ ಬೇಕೆಂದರೆ, ಉಳಿದ ಊರಿನವರಂತೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು.

ಇವತ್ತು ಯಾವುದೇ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೂ ಕೊನೆಗೆ ಕಿವಿಗೆ ಬೀಳುವುದು ಒಂದೇ ಮಾತು: "ಸರ್, ನಮ್ಮ ಪಾಲಿಸಿಯಲ್ಲಿ ಇಲ್ಲ." ಖಾಸಗಿ ಕಂಪನಿಗಳು ಬಂದ ಮೇಲೆ ಹುಟ್ಟಿದ ಕಾಯಿಲೆ ಇದು ಎಂದು ಹಲವರು ಅಂದುಕೊಂಡಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಇದರ ಬೇರು ನೂರು ವರ್ಷಕ್ಕೂ ಹಿಂದಿನದು. ಅದನ್ನು ತಿಳಿದುಕೊಂಡರೆ, ಎಲ್ಲಿ ಹಿಡಿದು ಎಳೆಯಬೇಕು ಎಂಬುದೂ ತಿಳಿಯುತ್ತದೆ.

1885ರ ಕಾಯ್ದೆ

ಬ್ರಿಟಿಷರು 1885ರಲ್ಲಿ ತಂದ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ, ಫೋನು ಎಲ್ಲವನ್ನೂ ಸರ್ಕಾರದ ಏಕಸ್ವಾಮ್ಯ ಎಂದಿತು. ಅದೇ ಕಾಯ್ದೆಯ ಒಂಬತ್ತನೇ ಸೆಕ್ಷನ್, ಸಂದೇಶ ತಲುಪಿಸುವುದರಲ್ಲಿ ಇಲಾಖೆಯ ಸಿಬ್ಬಂದಿ ತಪ್ಪಿದರೆ ಆಗುವ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. ಮುಂದೆ ತಿದ್ದುಪಡಿಯೊಂದರಲ್ಲಿ 7-ಬಿ ಎಂಬ ಸೆಕ್ಷನ್ ಸೇರಿತು. ಇಲಾಖೆಗೂ ಗ್ರಾಹಕನಿಗೂ ತಕರಾರು ಬಂದರೆ ಪಂಚಾಯ್ತಿದಾರನೊಬ್ಬ ತೀರ್ಮಾನಿಸಬೇಕು, ಆ ಪಂಚಾಯ್ತಿದಾರನನ್ನು ನೇಮಿಸುವುದು ಸರ್ಕಾರ, ಅವನ ಮಾತೇ ಕೊನೆಯ ಮಾತು. ಅಂದರೆ ಜಗಳ ಇರುವುದು ಯಾರ ಜೊತೆಯೋ ಅವರೇ ಪಂಚರನ್ನು ಕರೆದು ಕೂರಿಸುವ ಏರ್ಪಾಡು. ನಮ್ಮ ಊರುಗಳ ಗದ್ದೆ ಬದುವಿನ ಜಗಳದಲ್ಲೂ ಇಂಥ ಪಂಚಾಯ್ತಿಗೆ ಯಾರೂ ಒಪ್ಪುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಉಳಿಯಿತು. 1951ರ ಟೆಲಿಗ್ರಾಫ್ ನಿಯಮಗಳಲ್ಲಿ 443ನೇ ನಿಯಮ ಎಂದೊಂದಿತ್ತು. ಗೊತ್ತುಮಾಡಿದ ದಿನದೊಳಗೆ ಬಿಲ್ ಕಟ್ಟದಿದ್ದರೆ ನೋಟಿಸ್ ಕೊಡದೆಯೇ ಫೋನ್ ಕಡಿಯಬಹುದು. ಅದೊಂದೇ ಅಲ್ಲ, ಆ ಗ್ರಾಹಕನ ಹೆಸರಿನಲ್ಲಿರುವ ಬೇರೆ ಫೋನನ್ನೂ ಕಡಿಯಬಹುದು. ಬಿಲ್ ಸರಿಯೋ ತಪ್ಪೋ ಎಂಬ ಪ್ರಶ್ನೆ ಆಮೇಲಿನದು.

ಸರದಿ ಮತ್ತು ಅದರೊಳಗಿನ ಸರದಿ

ಐ.ಟಿ.ಐ.ಗೆ ಇದ್ದದ್ದು ಒಬ್ಬನೇ ದೊಡ್ಡ ಗಿರಾಕಿ, ಕೇಂದ್ರದ ಅಂಚೆ ತಂತಿ ಇಲಾಖೆ. ಇಲಾಖೆ ಎಷ್ಟು ಕೇಳುತ್ತದೋ ಅಷ್ಟು ತಯಾರಿಕೆ. ಇಲಾಖೆ ಎಷ್ಟು ಕೇಳಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ದೆಹಲಿಯ ಯೋಜನಾ ವೆಚ್ಚ. ಆ ಲೆಕ್ಕದಲ್ಲಿ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳು ಮೊದಲು, ಫೋನು ಆಮೇಲೆ. ಹೀಗಾಗಿ ಕಾರ್ಖಾನೆ ಪಕ್ಕದಲ್ಲೇ ಇದ್ದರೂ ಜನರ ಅಗತ್ಯ ಅದರ ಬಾಗಿಲಿಗೆ ತಲುಪುವ ದಾರಿಯೇ ಇರಲಿಲ್ಲ.

ಕಾಯುವವರು ಹೆಚ್ಚಾದಂತೆ ಸರದಿಯನ್ನೇ ಹಲವು ಭಾಗ ಮಾಡಿದರು. ಮುಂಗಡ ಠೇವಣಿ ಕಟ್ಟಬಲ್ಲವರಿಗೆ 'ಓನ್ ಯುವರ್ ಟೆಲಿಫೋನ್', ಅಂದರೆ ಓ.ವೈ.ಟಿ. ಎಂಬ ಸಾಲು. ವೈದ್ಯರು, ಪತ್ರಕರ್ತರಂಥವರಿಗೆ ವಿಶೇಷ ಸಾಲು. ಉಳಿದವರಿಗೆ ಸಾಮಾನ್ಯ ಸಾಲು. ಇವುಗಳ ಮೇಲೆ ಸಂಸದರ ಶಿಫಾರಸಿನ ಕೋಟಾ. ನಮ್ಮ ವೃತ್ತಿಯವರು ವಿಶೇಷ ಸಾಲಿನಲ್ಲಿದ್ದರು ಎಂಬುದನ್ನು ಮರೆಯಬಾರದು. ಈ ಸರದಿಯ ನೋವು ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇದ್ದೀತು.

ಸಾಮಾನ್ಯ ಸಾಲಿನವರು ಏನು ಮಾಡಿದರು? ಪಕ್ಕದ ಮನೆಯವರ ಫೋನನ್ನು ತಮ್ಮದೆಂದು ಬರೆದುಕೊಂಡರು. ಹಳೆಯ ಲಗ್ನಪತ್ರಿಕೆಗಳನ್ನು ತೆಗೆದು ನೋಡಿ, ನಂಬರಿನ ಮುಂದೆ 'ಪಿ.ಪಿ.' ಎಂದು ಇರುತ್ತದೆ. ಆ ನಂಬರಿಗೆ ಮಾಡಿದರೆ ಯಾರೋ ಎತ್ತಿ, ಕಾಂಪೌಂಡಿನ ಮೇಲಿಂದ ಕೂಗಿ ಕರೆಯುತ್ತಾರೆ ಎಂದರ್ಥ. ಪರ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರಕ್ಕೆ ತಕ್ಕ ಸರದಿ. ಊರಲ್ಲಿ ಸಾವಾದ ಸುದ್ದಿ ನಗರದ ಮಗನಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿರುತ್ತಿದ್ದದ್ದನ್ನು ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ.

1980ರ ದಶಕದ ಆರಂಭದಲ್ಲಿ ಕೇಂದ್ರದ ಸಂಪರ್ಕ ಸಚಿವರಾಗಿದ್ದವರು ಸಿ.ಎಂ. ಸ್ಟೀಫನ್. ಕೇರಳದವರು. 1980ರಲ್ಲಿ ದೆಹಲಿಯಲ್ಲಿ ವಾಜಪೇಯಿ ವಿರುದ್ಧ ಸೋತರು. ಆಮೇಲೆ ಧರ್ಮಸಿಂಗ್ ಬಿಟ್ಟುಕೊಟ್ಟ ನಮ್ಮ ಗುಲ್ಬರ್ಗಾ ಕ್ಷೇತ್ರದಿಂದ ಗೆದ್ದು ಲೋಕಸಭೆಗೆ ಹೋದರು. ಫೋನ್ ಕೆಟ್ಟಿರುವ ಬಗ್ಗೆ ಸಂಸತ್ತಿನಲ್ಲಿ ದೂರು ಬಂದಾಗ ಅವರು ಕೊಟ್ಟರೆನ್ನುವ ಉತ್ತರ ಇವತ್ತಿಗೂ ಪ್ರಸಿದ್ಧ. ಫೋನು ಹಕ್ಕಲ್ಲ, ಐಷಾರಾಮ. ಸಮಾಧಾನ ಇಲ್ಲದವರು ವಾಪಸು ಕೊಡಲಿ, ತೆಗೆದುಕೊಳ್ಳಲು ಬೇಕಾದಷ್ಟು ಜನ ಕಾಯುತ್ತಿದ್ದಾರೆ ಎಂಬುದು ಅದರ ಸಾರ. ಗುಲ್ಬರ್ಗಾದ ಮತದಾರರಲ್ಲಿ ಮನೆಗೆ ಫೋನ್ ಇದ್ದವರು ಬೆರಳೆಣಿಕೆಯ ಜನ. ಹೀಗಾಗಿ ಆ ಮಾತಿಗೆ ಕ್ಷೇತ್ರದಲ್ಲಿ ಉತ್ತರ ಕೊಡಬೇಕಾದ ಅಗತ್ಯವೂ ಬರಲಿಲ್ಲ.

ಲೆಕ್ಕ ನೋಡಿ. 1991ರ ಹೊತ್ತಿಗೆ ಇಡೀ ದೇಶದಲ್ಲಿ ಇದ್ದ ಫೋನುಗಳು ಸುಮಾರು 50 ಲಕ್ಷ. ಕಾಯುತ್ತಿದ್ದ ಅರ್ಜಿಗಳು ಸುಮಾರು 20 ಲಕ್ಷ. ಸಿಗುವುದಿಲ್ಲ ಎಂದು ಅರ್ಜಿಯನ್ನೇ ಹಾಕದವರು ಈ ಲೆಕ್ಕದಲ್ಲಿಲ್ಲ.

'ಮೀಟರ್ ಸರಿಯಾಗಿದೆ'

ಫೋನ್ ಬಂದ ಮೇಲೆ ಇನ್ನೊಂದು ಗೋಳು, ಬಿಲ್ಲು. ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಗೂ ಸಾವಿರಾರು ರೂಪಾಯಿ ಬಂತು ಎಂಬ ದೂರುಗಳು ಆಗ ಸಾಮಾನ್ಯ. ಇಲಾಖೆಯ ಉತ್ತರವೂ ಸಾಮಾನ್ಯ: ಮೀಟರ್ ಸರಿಯಾಗಿದೆ, ಮೊದಲು ಕಟ್ಟಿ.

ಈ ಉತ್ತರದ ಹಿಂದೆ ಒಂದು ಯಂತ್ರದ ಕಥೆ ಇದೆ. ಹಳೆಯ ವಿನಿಮಯ ಕೇಂದ್ರದಲ್ಲಿ ಪ್ರತಿ ಗ್ರಾಹಕನಿಗೂ ಒಂದು ಪುಟ್ಟ ಎಣಿಕೆ ಡಬ್ಬಿ ಇರುತ್ತಿತ್ತು. ಸ್ಥಳೀಯ ಕರೆ ಮಾಡಿದರೆ ಒಂದು ಅಂಕಿ ಮುಂದೆ ಹೋಗುತ್ತಿತ್ತು. ಎಸ್‌ಟಿಡಿ ಮಾಡಿದರೆ ಊರು ದೂರ ಇದ್ದಷ್ಟೂ ಬೇಗ ಬೇಗ ತಿರುಗುತ್ತಿತ್ತು. ಕೆಲವು ದಿನಗಳಿಗೊಮ್ಮೆ ಈ ಡಬ್ಬಿಗಳ ಸಾಲಿನ ಫೋಟೊ ತೆಗೆದು, ಅಂಕಿ ಓದಿ ಬಿಲ್ ಹಾಕುತ್ತಿದ್ದರು. ಡಬ್ಬಿಗೆ ಗೊತ್ತಿದ್ದದ್ದು ಒಟ್ಟು ಎಷ್ಟು ಎಂಬುದೊಂದೇ. ಯಾವ ದಿನ, ಯಾವ ನಂಬರಿಗೆ, ಎಷ್ಟು ಹೊತ್ತು ಎಂಬುದನ್ನು ಅದು ಬರೆದಿಡುತ್ತಲೇ ಇರಲಿಲ್ಲ. ಹಾಗಾಗಿ ಗ್ರಾಹಕ "ನಾನು ಮಾಡಿಲ್ಲ" ಎಂದರೆ ಅವನ ಬಳಿ ಸಾಕ್ಷಿ ಇಲ್ಲ, "ನೀನೇ ಮಾಡಿದ್ದೀಯ" ಎನ್ನುವ ಇಲಾಖೆಯ ಬಳಿಯೂ ಸಾಕ್ಷಿ ಇಲ್ಲ. ಇಬ್ಬರಿಗೂ ಸಾಕ್ಷಿ ಇಲ್ಲದ ಜಾಗದಲ್ಲಿ ನಿಯಮ ಯಾರ ಕೈಯಲ್ಲಿದೆಯೋ ಅವರು ಗೆಲ್ಲುತ್ತಾರೆ. ಲೈನ್ ಕಡಿಯುವ ಅಧಿಕಾರ ಇದ್ದದ್ದು ಇಲಾಖೆಗೆ.

ಇನ್ನೊಂದು ಕಥೆ ಕ್ರಾಸ್‌ಬಾರ್ ವಿನಿಮಯ ಕೇಂದ್ರಗಳದು. 1960ರ ದಶಕದಲ್ಲಿ ಬೆಲ್ಜಿಯಂ ಕಂಪನಿಯ ತಂತ್ರಜ್ಞಾನ ಪಡೆದು ಐ.ಟಿ.ಐ. ಅವುಗಳನ್ನು ತಯಾರಿಸತೊಡಗಿತು. ಮನೆಗೊಂದು ಫೋನ್ ಇದ್ದು ದಿನಕ್ಕೆ ಕೆಲವೇ ಕರೆ ಹೋಗುವ ಯುರೋಪಿನ ಊರುಗಳ ಅಂದಾಜಿನಲ್ಲಿ ರೂಪಿಸಿದ ಯಂತ್ರ ಅದು. ಇಲ್ಲಿ ಒಂದು ಫೋನಿಗೆ ಇಡೀ ಬೀದಿ ಜೋತುಬಿದ್ದಿತ್ತು. ಕರೆಗಳ ಭಾರಕ್ಕೆ ಯಂತ್ರ ತತ್ತರಿಸಿತು, ರಾಂಗ್ ನಂಬರ್ ಹೆಚ್ಚಾಯಿತು, ಡಯಲ್ ಟೋನ್ ಬರದಾಯಿತು. ಫೋನ್ ಕಡಿಮೆ ಇದ್ದದ್ದೇ ಇದ್ದ ಫೋನೂ ಕೆಡಲು ಕಾರಣ. ಬಳಸುವವರು ಹೇಗೆ ಬದುಕುತ್ತಾರೆ ಎಂದು ಕೇಳದೆ ಮಾಡಿದ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಹಾಗೆ ಕೇಳಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಕರ್ನಾಟಕದಲ್ಲೇ ಇದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಒಂದು ಪುಟ್ಟ ವಿನಿಮಯ ಕೇಂದ್ರ ರೂಪಿಸಿತು. ಏಸಿ ಬೇಡ, ಧೂಳು ಬಿಸಿಲು ತಡೆಯುತ್ತದೆ. ಅದರಲ್ಲಿ ಮೊದಲನೆಯದು 1986ರಲ್ಲಿ ಚಾಲೂ ಆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಅಲ್ಲಿ ಕಣ್ಣೆದುರೇ ಮೀಟರ್ ಓಡುತ್ತಿತ್ತು, ಕರೆ ಮುಗಿದೊಡನೆ ಚೀಟಿ ಬರುತ್ತಿತ್ತು. ಲೆಕ್ಕವನ್ನು ಗ್ರಾಹಕ ತಾನೇ ನೋಡಬಹುದಾದ ದಿನದಿಂದ ಜಗಳವೂ ಇಳಿಯಿತು.

ದೂರು ಕೊಡುವ ಜಾಗಕ್ಕಾಗಿ ಜಗಳ

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆ ದೂರು ಕೊಡುವ ಅವಕಾಶ. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಸಂಸ್ಥೆಗಳ ಸೇವೆಯೂ ಈ ಕಾಯ್ದೆಯ ಒಳಗೇ ಬರುತ್ತದೆ ಎಂದಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಜೊತೆಗಾರರು ಹೊಸ ಕೆಲಸವೊಂದನ್ನು ಮಾಡಿದರು. ಫೋನ್, ವಿದ್ಯುತ್, ನೀರು, ಬಿ.ಡಿ.ಎ. ಹೀಗೆ ಒಂದೊಂದು ಸೇವೆಗೂ ಜನರಿಂದಲೇ ಅಂಕ ಹಾಕಿಸಿ ರಿಪೋರ್ಟ್ ಕಾರ್ಡ್ ಹೊರತಂದರು. 1994ರ ಆ ಮೊದಲ ಕಾರ್ಡಿನಲ್ಲಿ ಬಿ.ಡಿ.ಎ. ಬಗ್ಗೆ ತೃಪ್ತಿ ಇದ್ದವರು ನೂರಕ್ಕೆ ಒಬ್ಬರು. 1999 ಮತ್ತು 2003ರಲ್ಲಿ ಮತ್ತೆ ಅಳೆದರು. ಮೂರನೇ ಸಲದ ಹೊತ್ತಿಗೆ ಅಂಕಗಳು ಚೆನ್ನಾಗಿ ಏರಿದ್ದವು. ಒಂಟಿ ಗೊಣಗಾಟವನ್ನು ಎಣಿಸಿ ಊರ ಮುಂದಿಟ್ಟರೆ ಕಚೇರಿಗಳೂ ಅಲುಗಾಡುತ್ತವೆ ಎಂಬುದನ್ನು ಅದು ತೋರಿಸಿತು.

ಆದರೆ ಹಳೆಯ 7-ಬಿ ಸತ್ತಿರಲಿಲ್ಲ. 2009ರಲ್ಲಿ ಕೇರಳದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಬಿಲ್ ತಕರಾರಿನಿಂದ ಫೋನ್ ಕಡಿದಿದ್ದರು. ಗ್ರಾಹಕ ವೇದಿಕೆ ಸಂಪರ್ಕ ವಾಪಸು ಕೊಡಿ, ಪರಿಹಾರವನ್ನೂ ಕೊಡಿ ಎಂದಿತ್ತು. ಟೆಲಿಗ್ರಾಫ್ ಕಾಯ್ದೆಯಲ್ಲೇ ವಿಶೇಷ ದಾರಿ ಇರುವಾಗ ಗ್ರಾಹಕ ವೇದಿಕೆಗೆ ಅಧಿಕಾರ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಬಂದು ದಶಕ ದಾಟಿತ್ತು. ಸರ್ಕಾರ ತನಗೆಂದು ಹೊಲಿಸಿಕೊಂಡ ಅಂಗಿ ಅವುಗಳಿಗೂ ಚೆನ್ನಾಗಿ ಹೊಂದಿತು. ದೂರು ಹೋದಲ್ಲೆಲ್ಲ ಕಂಪನಿಗಳ ವಕೀಲರು ಇದೇ ತೀರ್ಪನ್ನು ಮುಂದಿಡತೊಡಗಿದರು.

ಇದು ಬದಲಾಗಲು ಹದಿಮೂರು ವರ್ಷ ಬೇಕಾಯಿತು. 2019ರ ಹೊಸ ಗ್ರಾಹಕ ಕಾಯ್ದೆ ಟೆಲಿಕಾಂ ಸೇವೆಯನ್ನು ಹೆಸರಿಸಿಯೇ ಸೇರಿಸಿಕೊಂಡಿತು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್, ಇಪ್ಪತ್ತನಾಲ್ಕು ಸಾವಿರ ರೂಪಾಯಿ ಮೀರಿದ ಮೊಬೈಲ್ ಬಿಲ್ಲಿನ ಪ್ರಕರಣವೊಂದರಲ್ಲಿ, 7-ಬಿ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಸ್ಪಷ್ಟಪಡಿಸಿತು.

ಕಿಟಕಿಯ ಹಿಂದೆ ಯಾರೂ ಇಲ್ಲ

ಹಾಗಾದರೆ ಕಥೆ ಸುಖಾಂತ್ಯವೇ? ನಮ್ಮದೇ ಒಂದು ಪ್ರಸಂಗ ಹೇಳಬೇಕು. ನಾವು ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿದ್ದು ಸುದ್ದಿ ಕಳಿಸುತ್ತಿದ್ದ ಕಾಲದಲ್ಲಿ ಖಾಸಗಿ ಕಂಪನಿಯೊಂದರ ಇಂಟರ್‌ನೆಟ್ ಹಾಕಿಸಿಕೊಂಡಿದ್ದೆವು. ಕೋಣೆ ಖಾಲಿ ಮಾಡಿ ಜಿಲ್ಲೆಗೆ ವಾಪಸಾಗುವಾಗ ಸಂಪರ್ಕ ನಿಲ್ಲಿಸಿ ಎಂದೆವು. ಮೋಡೆಮ್ ವಾಪಸು ಬಂದರೆ ಮಾತ್ರ ನಿಲ್ಲಿಸುತ್ತೇವೆ ಎಂದರು. ತಂದುಕೊಡುತ್ತೇವೆ ಎಂದರೆ, ನಮ್ಮ ಹುಡುಗನೇ ಬಂದು ಒಯ್ಯಬೇಕು ಎಂದರು. ಬನ್ನಿ ಎಂದರೆ, ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ ಬರುತ್ತೇವೆ ಎಂದರು. ಆ ವಿಳಾಸದಲ್ಲಿ ಅಷ್ಟರಲ್ಲಿ ಬೇರೆ ಸಂಸಾರ ಇತ್ತು. ಮೋಡೆಮ್ ನಮ್ಮ ಚೀಲದಲ್ಲಿ, ಬಿಲ್ ತಿಂಗಳು ತಿಂಗಳು ನಮ್ಮ ಹೆಸರಿನಲ್ಲಿ. ನಾಲ್ಕನೇ ತಿಂಗಳು ವಸೂಲಿಯವರ ಫೋನ್ ಶುರುವಾಯಿತು. ಅವರು ನಮಗೆ ಮಾತ್ರವಲ್ಲ, ಅರ್ಜಿಯಲ್ಲಿ ಬರೆದುಕೊಟ್ಟಿದ್ದ ಅಪ್ಪನ ನಂಬರಿಗೂ ಮಾಡಿದರು. ಸಾಲ ಎಂಬ ಶಬ್ದಕ್ಕೇ ಹೆದರುವ ಅಪ್ಪ ಯಾರಿಗೂ ಹೇಳದೆ ದುಡ್ಡು ಹೊಂದಿಸಲು ಹೊರಟಿದ್ದರು. ಪ್ರತಿ ಸಲ ಮಾತಾಡಿದವರೂ ಮರ್ಯಾದೆಯಿಂದಲೇ ಮಾತಾಡಿದರು. ಯಾರಿಗೂ ತೀರ್ಮಾನಿಸುವ ಅಧಿಕಾರ ಇರಲಿಲ್ಲ, ಅಷ್ಟೆ. ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ ಎರಡು ವಾರಕ್ಕೆ ಮೋಡೆಮ್ ಒಯ್ಯಲು ಹುಡುಗ ಜಿಲ್ಲೆಗೇ ಬಂದ. ಆಗದು ಎಂದಿದ್ದ ಪಾಲಿಸಿ ಆಗುತ್ತದೆ ಎಂದಾಯಿತು.

ಹಳೆಯ ಕಾಲದ ಸರದಿ ಹೋಗಿದೆ, ಅದು ಸಣ್ಣ ಮಾತಲ್ಲ. ಇವತ್ತು ಸಿಮ್ಮು ಹತ್ತು ನಿಮಿಷದ ಕೆಲಸ. ಆದರೆ ಅಂದು ಕೌಂಟರಿನ ಹಿಂದೆ ಸಿಡುಕಿನ ಮೋರೆಯ ಒಬ್ಬ ಅಧಿಕಾರಿಯಾದರೂ ಇದ್ದ. ಗದರಿಸುತ್ತಿದ್ದ, ಮನಸ್ಸಾದರೆ ಸಹಿಯನ್ನೂ ಹಾಕುತ್ತಿದ್ದ. ಇಂದು ನಗುಮೊಗದ ದನಿ ಇದೆ, ಸಹಿ ಹಾಕುವ ಕೈ ಕಾಣುವುದಿಲ್ಲ. ಟ್ರಾಯ್ ನಿಯಮದಂತೆ ದೂರಿಗೆ ಎರಡು ಹಂತ ಇದೆ: ಮೊದಲು ದೂರು ಕೇಂದ್ರ, ಆಮೇಲೆ ಮೇಲ್ಮನವಿ ಪ್ರಾಧಿಕಾರ. ಎರಡೂ ಕಂಪನಿಯ ಒಳಗೇ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನು ವಿಚಾರಿಸುವುದಿಲ್ಲ. ಆ ಹಳೆಯ ಪಂಚಾಯ್ತಿಯ ನೆರಳು ಇನ್ನೂ ಪೂರ್ತಿ ಸರಿದಿಲ್ಲ.

ನಮ್ಮ ರಾಜ್ಯದ ಸಕಾಲ ಕಾಯ್ದೆಯಲ್ಲಿ ತಾಲ್ಲೂಕು ಕಚೇರಿ ಹೇಳಿದ ದಿನಕ್ಕೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು. ಮೊತ್ತ ಸಣ್ಣದು, ಆದರೆ ತಡಕ್ಕೆ ಒಂದು ಬೆಲೆ ಇದೆ, ಹೊಣೆಗೆ ಒಬ್ಬ ಅಧಿಕಾರಿ ಇದ್ದಾನೆ. ಕಂಪನಿಗಳ ಪಾಲಿಸಿಯಲ್ಲಿ ಗ್ರಾಹಕ ತಡ ಮಾಡಿದರೆ ದಂಡ ಇದೆ, ಕಂಪನಿ ತಡ ಮಾಡಿದರೆ ಕ್ಷಮೆಯ ಮೆಸೇಜ್ ಇದೆ.

ಹಾಗಾಗಿ ನಮ್ಮ ಓದುಗರಿಗೆ ಇಷ್ಟು ಹೇಳುತ್ತೇವೆ. ಪ್ರತಿ ಕರೆಗೂ ದೂರಿನ ನಂಬರ್ ಬರೆದುಕೊಳ್ಳಿ. ಎಸ್‌ಟಿಡಿ ಬೂತಿನ ಚೀಟಿ ನೆನಪಿಡಿ, ಲೆಕ್ಕ ಕೈಯಲ್ಲಿದ್ದವನಿಗೇ ಬಲ. ಮೇಲ್ಮನವಿಯನ್ನು ಬರಹದಲ್ಲೇ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಹೊಸ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬೀದರ್‌ನವರಾಗಲಿ ಚಾಮರಾಜನಗರದವರಾಗಲಿ ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ. ಮನೆಯಲ್ಲಿ ಹಿರಿಯರಿಗೆ ವಸೂಲಿಯ ಫೋನ್ ಬಂದರೆ ದುಡ್ಡು ಹೊಂದಿಸುವ ಮೊದಲು ಮಕ್ಕಳಿಗೆ ಒಂದು ಮಾತು ಹೇಳಲಿ ಎಂದು ಇವತ್ತೇ ತಿಳಿಸಿ.