ತೌಳವದಲ್ಲಿ ಹೆಂಚಿನ ಕಸುಬಿನ ಕಲಿಕೆ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದುದು ಮತಪ್ರಚಾರಕ್ಕಾಗಿ. ಕೈಗಾರಿಕೆಯು ಅನಂತರದ ಮಾತು. ಕ್ರೈಸ್ತರಾದ ಬಿಲ್ಲವರಿಗೆ ಕಳ್ಳಿಳಿಸುವ ಕುಲವೃತ್ತಿಯು ನಿಷಿದ್ಧವಾಗಲು, ಅವರ ಹೊಟ್ಟೆಪಾಡಿನ ಪ್ರಶ್ನೆಯೇ ಕಾರ್ಖಾನೆಗಳಿಗೆ ಮೂಲವಾಯಿತು. ಜರ್ಮನ್ ಕುಶಲಕರ್ಮಿಗಳು ಮೊದಲು ಬಡಗಿತನವನ್ನೂ ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು. ಗಡಿಯಾರದ ಕಸುಬು ಇಲ್ಲಿ ಬೇರೂರಲಿಲ್ಲ.

ಮುದ್ರಣಾಲಯದ ಕಾರ್ಯಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟನು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಇಬ್ಬರು ಆಳುಗಳು, ಒಂದು ಜೋಡಿ ಎತ್ತು, ದಿನಕ್ಕೆ 560 ಹೆಂಚು: ಆರಂಭವು ಇಷ್ಟೇ. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ಕಲ್ಪನೆಯು ಆತನದೆಂದು ಹೇಳುವುದು ಸರಿಯಲ್ಲ. ಆಲ್ಸೇಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದರು. ಆದರೆ ಆ ಮಾದರಿಯನ್ನು ನೇತ್ರಾವತೀ ತೀರದ ಆವೆಮಣ್ಣಿಗೆ ಹೊಂದಿಸಿದುದು ಸಾಮಾನ್ಯ ಕಾರ್ಯವಲ್ಲ. ಹಸಿಹೆಂಚು ಒಣಗುವಾಗ ಕುಗ್ಗುವುದು. ಅವಸರದಿಂದ ಒಣಗಿಸಿದರೆ ಸೊಟ್ಟಗಾಗಿ, ಅಂಚಿನ ಕಚ್ಚು ನೆರೆಯ ಹೆಂಚಿಗೆ ಕೂಡದೆ, ಆಷಾಢದ ಮಳೆಯು ಮನೆಯೊಳಕ್ಕೆ ಇಳಿಯುವುದು. ಈ ಹದವು ಅಚ್ಚಿನಿಂದ ಬರತಕ್ಕುದಲ್ಲ; ವರ್ಷಗಟ್ಟಲೆ ಕೈಯಾಡಿಸಿದ ಕೆಲಸಗಾರನಿಗೇ ತಿಳಿಯತಕ್ಕುದು. ಕಲಿಕೆಯ ಸಾರವೆಲ್ಲ ಇಲ್ಲಿಯೇ ಇದ್ದಿತು.

ವಿದ್ಯೆಯು ಮಿಷನ್ನಿನ ಆವರಣದಲ್ಲಿಯೇ ನಿಲ್ಲಲಿಲ್ಲ. 1868ರಲ್ಲಿ ಆಲ್ಬುಕರ್ಕ್ ಮನೆತನದವರು ದೇಶೀಯ ಕಾರ್ಖಾನೆಯನ್ನು ತೆರೆದರು. 1886ರಲ್ಲಿ ಉಡುಪಿಯ ರೇವಾದ ಮಲ್ಪೆಯಲ್ಲಿ ಮಿಷನ್ನಿನದೇ ಇನ್ನೊಂದು ಕಾರ್ಖಾನೆಯು ಎದ್ದಿತು; ಮುಳಿಹುಲ್ಲಿನ ಮಾಡುಗಳಿಗೆ ಬದಲಾಗಿ ಕೆಂಪು ಹೆಂಚು ಆ ಸೀಮೆಯಲ್ಲಿ ಕ್ರಮೇಣ ಹರಡಿತು.

1914ರ ಮಹಾಯುದ್ಧದಲ್ಲಿ ಜರ್ಮನರು ಸೆರೆಯಾದರು. ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ಒಡೆಯರು ಬದಲಾದರೂ ಆವೆಯ ಬಳಿ ನಿಂತವರು ಈ ನಾಡಿನವರೇ ಆಗಿದ್ದುದರಿಂದ ಹೆಂಚಿನ ಕೆಲಸವು ಮುಂದುವರಿಯಿತು.