ಇಂಧನದ ಹದ: ಕಾರ್ಬ್ಯುರೇಟರಿನಿಂದ ಇಂಜೆಕ್ಷನ್‌ವರೆಗೆ

ಊರು ಬಿಟ್ಟು ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಯಾದ ನಮ್ಮಲ್ಲಿ ಅನೇಕರಿಗೆ ಬಡಾವಣೆಯ ಗ್ಯಾರೇಜಿನ ಒಂದು ದೃಶ್ಯ ಪರಿಚಿತವಾದುದೇ. ಮೆಕ್ಯಾನಿಕ್ ಬೈಕಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕೈಯಿಂದ ಆಕ್ಸಿಲರೇಟರ್ ತಿರುವುತ್ತ, ಇನ್ನೊಂದು ಕೈಯ ಸ್ಕ್ರೂಡ್ರೈವರಿನಿಂದ ಕಾರ್ಬ್ಯುರೇಟರಿನ ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ, ಕಾಲು ಸುತ್ತು ಮುಂದಕ್ಕೆ ಸರಿಸುತ್ತಿದ್ದ. ಇಂಜಿನ್ನಿನ ಸದ್ದು ಸಮನಾದೊಡನೆ ತಲೆಯಾಡಿಸಿ ಎದ್ದು ನಿಲ್ಲುತ್ತಿದ್ದ. ಇಂದು ಅದೇ ಗ್ಯಾರೇಜಿಗೆ ಹೊಸ ಬೈಕನ್ನು ಒಯ್ದರೆ ಆ ತಿರುಪೇ ಅಲ್ಲಿರುವುದಿಲ್ಲ. ಈ ಬದಲಾವಣೆ ಬಂದ ದಾರಿಯನ್ನೂ ಅದರಲ್ಲಿ ನಾವು ಗಳಿಸಿದ್ದು, ಕಳೆದುಕೊಂಡದ್ದನ್ನೂ ಇಲ್ಲಿ ಪರಿಶೀಲಿಸೋಣ.

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಪ್ಲಗ್ ಮಸಿಗಟ್ಟುತ್ತದೆ, ಹೊಗೆ ಏಳುತ್ತದೆ. ಕಡಿಮೆಯಾದರೆ ಇಂಜಿನ್ ಕಾದು ಎಳೆತ ಕುಗ್ಗುತ್ತದೆ. ಈ ಹದವನ್ನು ಕಾಯುವ ಸ್ಪ್ರೇ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 1893ರಲ್ಲಿ ರೂಪಿಸಿದನು. ಕೊಳವೆಯ ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಜೆಟ್ಟಿನ ರಂಧ್ರದಿಂದ ಪೆಟ್ರೋಲ್ ತುಂತುರಾಗಿ ಹೊರಬರುತ್ತದೆ. ಸರಳವಾದ ಉಪಾಯವೇ ಸರಿ. ಆದರೆ ಗಾಳಿ ಬಿಸಿಯೋ ತಣ್ಣಗೋ, ದಟ್ಟವೋ ವಿರಳವೋ ಎಂಬುದನ್ನು ಅದು ಅರಿಯದು. ಲಡಾಖಿನ ಖರ್ದುಂಗ್ ಲಾ ಕಣಿವೆದಾರಿಯನ್ನು ಏರುವಾಗ ಹಳೆಯ ಬೈಕುಗಳು ಏದುಸಿರು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ: ಗಾಳಿ ತೆಳುವಾದರೂ ಪೆಟ್ರೋಲ್ ತಕ್ಕಷ್ಟು ಕಡಿಮೆಯಾಗುತ್ತಿರಲಿಲ್ಲ.

ಈ ದೌರ್ಬಲ್ಯವು ಜೀವನ್ಮರಣದ ಪ್ರಶ್ನೆಯಾಗಿ ಎದುರಾದದ್ದು 1940ರಲ್ಲಿ, ಬ್ರಿಟನ್ನಿನ ಆಕಾಶದಲ್ಲಿ. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್ನುಗಳಲ್ಲಿ ಕಾರ್ಬ್ಯುರೇಟರ್ ಇದ್ದಿತು. ಪೈಲಟ್ ಮೂತಿಯನ್ನು ಥಟ್ಟನೆ ಕೆಳಗಿಳಿಸಿದರೆ ಇಂಧನವು ಬಟ್ಟಲಿನ ಮೇಲ್ಭಾಗಕ್ಕೆ ಚಿಮ್ಮಿ ಇಂಜಿನ್ ತಡವರಿಸುತ್ತಿತ್ತು. ಜರ್ಮನಿಯ ಮೆಸ್ಸರ್‌ಶ್ಮಿಟ್ 109 ವಿಮಾನದಲ್ಲಾದರೋ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚುಚ್ಚುವ ಪಂಪ್ ಇದ್ದುದರಿಂದ ಅದು ನಿರಾತಂಕವಾಗಿ ಕೆಳಕ್ಕೆರಗಿ ಪಾರಾಗುತ್ತಿತ್ತು. ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯ ಇಂಜಿನಿಯರ್ ಬಿಯಾಟ್ರಿಸ್ ಷಿಲ್ಲಿಂಗ್ 1941ರಲ್ಲಿ ಇದಕ್ಕೊಂದು ತಾತ್ಕಾಲಿಕ ಪರಿಹಾರ ಕಂಡುಹಿಡಿದರು: ಇಂಧನದ ಹರಿವನ್ನು ಮಿತಗೊಳಿಸುವ, ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಂಡು. ವಿಮಾನಗಳನ್ನು ಸೇವೆಯಿಂದ ಹಿಂತೆಗೆಯದೆಯೇ ಅದನ್ನು ಜೋಡಿಸಬಹುದಿತ್ತು. ಆಕೆ ತಮ್ಮ ತಂಡದೊಡನೆ ವಾಯುನೆಲೆಗಳನ್ನು ಸುತ್ತಿ ಆ ಕೆಲಸ ಮಾಡಿಸಿದರು. ಈಕೆ ಮೋಟಾರ್‌ಸೈಕಲ್ ಸ್ಪರ್ಧಿಯೂ ಹೌದು. ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಾರ್ಟನ್ ಬೈಕನ್ನು ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿ ಚಿನ್ನದ ನಕ್ಷತ್ರ ಗಳಿಸಿದ್ದವರು.

ಯುದ್ಧಾನಂತರ ಇಂಜೆಕ್ಷನ್ ರಸ್ತೆಗಿಳಿಯಿತು. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಯಾಂತ್ರಿಕ ಇಂಜೆಕ್ಷನ್ ಇದ್ದಿತು. 1967ರಲ್ಲಿ ಬಾಷ್ ಕಂಪನಿಯ ಜೆಟ್ರಾನಿಕ್ ವ್ಯವಸ್ಥೆ ಎಲೆಕ್ಟ್ರಾನಿಕ್ಸನ್ನು ತಂದಿತು. ಮೋಟಾರ್‌ಸೈಕಲ್ಲಿಗೆ ಅದು ಬಂದದ್ದು ತಡವಾಗಿ: 1980ರಲ್ಲಿ ಕವಾಸಾಕಿಯ 1000 ಸಿಸಿ ಬೈಕಿಗೆ, 1983ರಲ್ಲಿ ಬಿಎಂಡಬ್ಲ್ಯು ಕೆ100ಕ್ಕೆ.

ನಮ್ಮ ನಾಡಿಗೆ ಇಂಜೆಕ್ಷನ್ ಎಂಬ ಪದ ಹೊಸದೇನೂ ಅಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಡೀಸೆಲ್ ಇಂಜಿನ್ನುಗಳ ಇಂಜೆಕ್ಷನ್ ಪಂಪುಗಳಿಗೆ ದಶಕಗಳ ಕಾಲ ಹೆಸರಾಗಿತ್ತು. ಆದರೆ ಅದೇ ರಾಜ್ಯದ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಕೊನೆಯವರೆಗೂ ಕಾರ್ಬ್ಯುರೇಟರಿನವೇ. ಇಲ್ಲಿಯೇ ತಯಾರಾದ ಇಂಜೆಕ್ಷನ್ ಬೈಕು ಭಾರತದಲ್ಲಿ ಕಾಣಿಸಿಕೊಂಡದ್ದು 2006ರಲ್ಲಿ, ಹೀರೋ ಹೋಂಡಾ ಗ್ಲಾಮರ್ ರೂಪದಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ದೇಶವ್ಯಾಪಿಯಾದಾಗ ಬುಲೆಟ್ 350 ಸಹಿತ ಬಹುತೇಕ ಬೈಕುಗಳು ಕಾರ್ಬ್ಯುರೇಟರಿಗೆ ವಿದಾಯ ಹೇಳಿದವು.

ಹಾಗಾದರೆ ಈಗ ಟ್ಯೂನಿಂಗ್ ಎಂದರೇನು? ಥ್ರಾಟಲ್ ಎಷ್ಟು ತೆರೆದಿದೆ, ಗಾಳಿಯ ಒತ್ತಡವೆಷ್ಟು, ಇಂಜಿನ್ ಎಷ್ಟು ಬಿಸಿ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಸೆನ್ಸರುಗಳು ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತವೆ. ಅದರ ನೆನಪಿನಲ್ಲಿ ಮಗ್ಗಿಯಂಥ ಒಂದು ಕೋಷ್ಟಕವಿದೆ. ಇಂಥ ವೇಗಕ್ಕೆ, ಇಂಥ ಥ್ರಾಟಲಿಗೆ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂಬ ಲೆಕ್ಕ ಅದರಲ್ಲಿ ಬರೆದಿರುತ್ತದೆ. ನಿಧಾನದ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಪರೀಕ್ಷಿಸಿ ಹದವನ್ನು 14.7ರ ಸುತ್ತ ತಂದು ನಿಲ್ಲಿಸುತ್ತದೆ. ವಿಷಾನಿಲವನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಲು ಈ ನಿಖರತೆ ಅವಶ್ಯ. ಪೂರ್ಣ ವೇಗದಲ್ಲಿ ಇಸಿಯು ಕೋಷ್ಟಕವನ್ನೇ ನಂಬಿ, ಸುಮಾರು 13ರ ಆಸುಪಾಸಿನ ಗಾಢ ಮಿಶ್ರಣ ಕೊಡುತ್ತದೆ. ಸೈಲೆನ್ಸರನ್ನೋ ಏರ್ ಫಿಲ್ಟರನ್ನೋ ಬದಲಿಸಿದವನು ಆ ಕೋಷ್ಟಕವನ್ನೂ ತಿದ್ದಬೇಕು. ಅದಕ್ಕೆ ಲ್ಯಾಪ್‌ಟಾಪ್ ಬೇಕು, ಹೊಗೆ ಅಳೆಯುವ ಉಪಕರಣ ಬೇಕು, ಕಿವಿಯೊಂದೇ ಸಾಲದು.

ದೆಹಲಿಯ ಚಳಿಗಾಲದ ಹೊಗೆಯಲ್ಲಿ ಉಸಿರಾಡುವ ನಮ್ಮ ಬಳಗದವರ ಮುಂದೆ ಹಳೆಯ ಕಾರ್ಬ್ಯುರೇಟರಿಗಾಗಿ ಹಲುಬುವುದು ಸರಿಯಲ್ಲ. ಕೈಚಳಕವೆಂದು ನಾವು ಮೆಚ್ಚಿದ ಆ ಅರ್ಧ ಸುತ್ತು, ಕಾಲು ಸುತ್ತುಗಳ ತಪ್ಪೆಲ್ಲ ಸೇರುತ್ತಿದ್ದುದು ಎಲ್ಲರೂ ಉಸಿರಾಡುವ ಗಾಳಿಗೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕೋಷ್ಟಕ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ದೋಷವನ್ನು ಓದುವ ಉಪಕರಣವನ್ನು ಕೊಳ್ಳುವ ಶಕ್ತಿ ಗಲ್ಲಿಯ ಗ್ಯಾರೇಜಿಗೆ ಎಲ್ಲ ವೇಳೆಯಲ್ಲೂ ಇರುವುದಿಲ್ಲ. ಷಿಲ್ಲಿಂಗ್ ಅವರಿಗೆ ಆ ಪುಟ್ಟ ತುಂಡು ಹೊಳೆದದ್ದು ಕಾರ್ಬ್ಯುರೇಟರನ್ನು ಬಿಚ್ಚಿ, ಇಂಧನ ಎಲ್ಲಿ ಹೆಚ್ಚಾಗಿ ಹರಿಯುತ್ತಿದೆಯೆಂದು ನೋಡಲು ಸಾಧ್ಯವಿದ್ದುದರಿಂದ. ಹದ ಮೀರಿಸಿ ಹೊಗೆ ಕಾರುವ ಸ್ವಾತಂತ್ರ್ಯವನ್ನು ನಾವು ಯಾರಿಗೂ ಕೇಳುತ್ತಿಲ್ಲ. ಕೆಟ್ಟದ್ದನ್ನು ಓದಿ ತಿಳಿದು ಸರಿಪಡಿಸುವ ಅವಕಾಶವಾದರೂ ಆ ಕುಕ್ಕರುಗಾಲಿನ ಮೆಕ್ಯಾನಿಕನಿಗೆ ಉಳಿಯಬೇಕು.